ಶಾಕಪ್ ಕೆಟ್ಟಿದೆಯೇ? ಸೊಂಟವನ್ನಲ್ಲ, ಟೈರನ್ನು ಕೇಳಿ

ಕಾರಿನ ಶಾಕಪ್ ಬದಲಿಸಬೇಕೋ ಬೇಡವೋ ಎಂದು ನಮ್ಮಲ್ಲಿ ಹೆಚ್ಚಿನವರು ತೀರ್ಮಾನಿಸುವುದು ಕೂತ ಸೀಟಿನಿಂದ. ತಗ್ಗಿನಲ್ಲಿ ಇಳಿದಾಗ ಸೊಂಟಕ್ಕೆ ಪೆಟ್ಟು ಬಿದ್ದರೆ ಶಾಕಪ್ ಹೋಗಿದೆ, ಬೀಳದಿದ್ದರೆ ಚೆನ್ನಾಗಿದೆ ಎಂಬುದು ಲೆಕ್ಕ. ಈ ಲೆಕ್ಕ ಎರಡೂ ಕಡೆಯಿಂದ ತಪ್ಪುತ್ತದೆ. ಕುಕ್ಕುವ ಎಷ್ಟೋ ಕಾರುಗಳಲ್ಲಿ ಶಾಕಪ್ ನೆಟ್ಟಗೇ ಇರುತ್ತದೆ. ಟೈರಿಗೆ ಗಾಳಿ ಹೆಚ್ಚಾಗಿರುತ್ತದೆ, ಇಲ್ಲವೇ ಯಾವುದೋ ಬುಷ್ ಹರಿದಿರುತ್ತದೆ. ಮೆತ್ತಗೆ ತೇಲಿಕೊಂಡು ಹೋಗುವ, ಹಿಂದೆ ಕೂತವರಿಗೆ ನಿದ್ದೆ ಬರಿಸುವ ಕಾರಿನಲ್ಲಿ ನಾಲ್ಕೂ ಶಾಕಪ್ ಸತ್ತಿರಬಹುದು. ಶಾಕಪ್ಪಿನ ಮೊದಲ ಕೆಲಸ ಟೈರು ನೆಲ ಬಿಡದಂತೆ ನೋಡಿಕೊಳ್ಳುವುದು. ಕೂತವರ ಸುಖ ಆಮೇಲಿನದು. ಹಾಗಾಗಿ ಪರೀಕ್ಷೆಯೂ ಟೈರಿನಿಂದ ಶುರುವಾಗಬೇಕು, ಖರ್ಚಿನ ತೀರ್ಮಾನವೂ ಟೈರಿನ ಹಿಡಿತವನ್ನು ನೋಡಿಯೇ ಆಗಬೇಕು. ಇದು ಎಲ್ಲ ಊರಿಗೂ ಸಲ್ಲುವ ಮಾತು. ಆದರೆ ಲಿಂಗಸುಗೂರು, ಮಸ್ಕಿ, ಸಿಂಧನೂರು ದಾಟಿ, ದಢೇಸುಗೂರಿನ ಬಳಿ ತುಂಗಭದ್ರೆಯ ಸೇತುವೆ ಹತ್ತಿ ಸಿರುಗುಪ್ಪ, ಬಳ್ಳಾರಿಯ ಕಡೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 150ಎ ಮತ್ತು ಅದಕ್ಕೆ ಬಂದು ಕೂಡುವ ಕಾಲುವೆ ದಂಡೆಯ ದಾರಿಗಳಲ್ಲಿ ಓಡಾಡುವವರಿಗೆ ಒಂದು ತೂಕ ಹೆಚ್ಚೇ ಸಲ್ಲುತ್ತದೆ.

ಮೊದಲು ಕೆಲಸದ ಹಂಚಿಕೆ ನೋಡೋಣ. ಕಾರಿನ ಭಾರ ಹೊರುವುದು, ತಗ್ಗಿನ ಹೊಡೆತ ನುಂಗುವುದು ಸ್ಪ್ರಿಂಗ್. ನುಂಗಿದ್ದನ್ನು ಅದು ಇಟ್ಟುಕೊಳ್ಳುವುದಿಲ್ಲ, ಮರುಕ್ಷಣವೇ ವಾಪಸು ಕೊಡುತ್ತದೆ. ಅದರ ಪಾಡಿಗೆ ಬಿಟ್ಟರೆ ಒಂದು ತಗ್ಗಿಗೆ ಕಾರು ನಾಲ್ಕಾರು ಸಲ ಕುಣಿದೀತು. ಆ ಕುಣಿತವನ್ನು ಅಲ್ಲೇ ಅಡಗಿಸುವುದಕ್ಕೆ ಶಾಕಪ್ ಇರುವುದು. ಒಂದು ಕೊಳವೆ, ಅದರ ತುಂಬ ಎಣ್ಣೆ, ಎಣ್ಣೆಯಲ್ಲಿ ಆಡುವ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ತೂತುಗಳು, ಆ ತೂತುಗಳನ್ನು ಮುಚ್ಚಿ ತೆರೆಯುವ ತೆಳ್ಳನೆಯ ಉಕ್ಕಿನ ಬಿಲ್ಲೆಗಳು: ಒಳಗಿರುವುದು ಇಷ್ಟೇ. ಚಕ್ರ ಏಳುತ್ತ ಬೀಳುತ್ತ ಹೋದ ಹಾಗೆ ಎಣ್ಣೆ ಆ ತೂತುಗಳಲ್ಲಿ ನುಸುಳಬೇಕು. ನುಸುಳುವಾಗ ಹುಟ್ಟುವ ತಡೆ ಕುಣಿತದ ಶಕ್ತಿಯನ್ನು ಶಾಖವಾಗಿಸಿ ಹೊರಹಾಕುತ್ತದೆ. ಕೆಟ್ಟ ರಸ್ತೆಯಲ್ಲಿ ಓಡಿ ನಿಂತ ಕಾರಿನ ಶಾಕಪ್ ಬಿಸಿಯಾಗಿರುವುದು ಅದಕ್ಕೇ. ಎಣ್ಣೆ ನೊರೆಗಟ್ಟಿದರೆ ತಡೆ ತಪ್ಪುತ್ತದೆ. ಆದ್ದರಿಂದ ಈಗಿನ ಬಹುಪಾಲು ಶಾಕಪ್ಪುಗಳಲ್ಲಿ ಒತ್ತಡದ ನೈಟ್ರೋಜನ್ ಅನಿಲವನ್ನೂ ತುಂಬಿರುತ್ತಾರೆ. ಹಿಂದಿನ ಚಕ್ರಗಳಲ್ಲಿ ಅನೇಕ ಸಣ್ಣ ಕಾರುಗಳಿಗೆ ಸ್ಪ್ರಿಂಗ್ ಬೇರೆ, ಶಾಕಪ್ ಬೇರೆ. ಮುಂದಿನ ಚಕ್ರಗಳಲ್ಲಿ ಎರಡೂ ಸೇರಿ ಒಂದೇ ಕಂಬವಾಗಿರುತ್ತವೆ, ಅದೇ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಈ ಜೋಡಣೆ 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800ರ ಮೂಲಕ ನಮ್ಮ ಊರೂರಿಗೆ ತಲುಪಿತು. ಸ್ಟ್ರಟ್‌ಗೆ ಇನ್ನೊಂದು ಜವಾಬ್ದಾರಿಯೂ ಇದೆ: ಸ್ಟೀರಿಂಗ್ ತಿರುಗಿಸಿದಾಗ ಅದು ಚಕ್ರದ ಜೊತೆ ತಿರುಗುತ್ತದೆ, ಚಕ್ರ ಎಷ್ಟು ಓರೆಯಾಗಿ ನಿಲ್ಲಬೇಕೆಂಬುದನ್ನೂ ಅದೇ ಹಿಡಿದಿರುತ್ತದೆ.

ಇನ್ನು ನೆಲದ ಮಾತು. ಸಿಂಧನೂರು ಸೀಮೆಯ ಬಹುಪಾಲು ಎರೆಭೂಮಿ. ನೀರುಂಡಾಗ ಉಬ್ಬುವುದು, ಒಣಗಿದಾಗ ಕುಗ್ಗಿ ಬಾಯಿಬಿಡುವುದು ಅದರ ಗುಣ. ತುಂಗಭದ್ರಾ ಎಡದಂಡೆ ನಾಲೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ರಸ್ತೆಯ ಎರಡೂ ಮಗ್ಗುಲಲ್ಲಿ ಭತ್ತದ ಗದ್ದೆ ತುಂಬಿ ನಿಲ್ಲುತ್ತದೆ. ನಾಲೆಯ ನೀರು ನಿಲ್ಲಿಸಿ ಬೇಸಿಗೆ ಬಲಿತ ಮೇಲೆ ಅದೇ ನೆಲ ಬಿರಿಯುತ್ತದೆ. ಮೇಲೆ ಡಾಂಬರು ಎಷ್ಟೇ ದಪ್ಪವಿರಲಿ, ಬುಡ ಉಬ್ಬಿ ಕುಗ್ಗಿದಂತೆ ಮೈ ಅಲೆಯಲೆಯಾಗುತ್ತದೆ. ಉಪಕಾಲುವೆಗಳ ಜಾಲ ಹರಡಿರುವ ಕಡೆ ಹೆಜ್ಜೆಗೊಂದು ಅಡಿಸೇತುವೆ. ಕಾಂಕ್ರೀಟಿನ ಸೇತುವೆ ಕುಸಿಯದೆ ನಿಲ್ಲುತ್ತದೆ, ಅದಕ್ಕೆ ಹೊಂದಿಕೊಂಡ ಎರೆಮಣ್ಣಿನ ಏರಿ ಕುಸಿಯುತ್ತದೆ. ಎರಡರ ನಡುವೆ ಒಂದು ಮೆಟ್ಟಿಲು ಏಳುತ್ತದೆ. ನಾಟಿಯ ಹಂಗಾಮಿನಲ್ಲಿ ಕೇಜ್ ವೀಲ್ ಬಿಚ್ಚದೆ ಡಾಂಬರಿನ ಮೇಲೇ ಓಡುವ ಟ್ರ್ಯಾಕ್ಟರ್, ಸುಗ್ಗಿಯಲ್ಲಿ ಭತ್ತ ಹೇರಿದ ಲಾರಿ ಇವೂ ತಮ್ಮ ಪಾಲು ಸೇರಿಸುತ್ತವೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ, ಮುದಗಲ್ ಕಡೆ ಕಲ್ಲುನೆಲ, ಮಸಾರಿ ಬರುತ್ತದೆ. ಅಲ್ಲಿ ಅಲೆಗಿಂತ ಚೂಪು ಅಂಚಿನ ತಗ್ಗು, ಜಲ್ಲಿಕಲ್ಲಿನ ಕಾಟ ಹೆಚ್ಚು. ಹೀಗೆ ಒಂದೇ ದಿನದ ಪ್ರಯಾಣದಲ್ಲಿ ಶಾಕಪ್ಪಿಗೆ ಎರಡು ಬೇರೆ ಬೇರೆ ಬಗೆಯ ಪರೀಕ್ಷೆ ಎದುರಾಗುತ್ತದೆ.

ಮೊದಲ ಪರೀಕ್ಷೆ ಅಲೆಯದು. ಸ್ಪ್ರಿಂಗಿನ ಮೇಲೆ ಕೂತ ಕಾರಿನ ಮೈಗೆ ತನ್ನದೇ ಒಂದು ಲಯವಿದೆ. ಸಾಮಾನ್ಯ ಕಾರಿನಲ್ಲಿ ಅದು ಸೆಕೆಂಡಿಗೆ ಒಂದರಿಂದ ಒಂದೂವರೆ ಸಲದಷ್ಟು. ಗಂಟೆಗೆ 80 ಕಿ.ಮೀ. ಓಡುವ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ರಸ್ತೆಯ ಉಬ್ಬುಗಳು 15ರಿಂದ 20 ಮೀಟರಿಗೊಂದರಂತೆ ಬಂದರೆ ಅವುಗಳ ತಳ್ಳು ಕಾರಿನ ಲಯಕ್ಕೆ ಸರಿಯಾಗಿ ಕೂಡಿಬಿಡುತ್ತದೆ. ಪಂಚಮಿಯ ಜೋಕಾಲಿಯನ್ನು ಹಿಂದಕ್ಕೆ ಬಂದ ಗಳಿಗೆ ನೋಡಿ ತಳ್ಳಿದರೆ ಸಣ್ಣ ಕೈಯೂ ಅದನ್ನು ಎತ್ತರಕ್ಕೆ ಏರಿಸುತ್ತದಲ್ಲ, ಹಾಗೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳೂ ಒಂದಾದ ಮೇಲೊಂದು ತಳ್ಳಿ ಕಾರನ್ನು ತೇಲಿಸುತ್ತವೆ. ಶಾಕಪ್ ಗಟ್ಟಿಯಿದ್ದರೆ ಮೊದಲ ತಳ್ಳು ಎರಡನೆಯದು ಬರುವ ಮೊದಲೇ ಕರಗಿಹೋಗುತ್ತದೆ. ಸತ್ತಿದ್ದರೆ ತಳ್ಳುಗಳು ಕೂಡುತ್ತ ಹೋಗಿ, ಮೂರನೆಯದೋ ನಾಲ್ಕನೆಯದೋ ಉಬ್ಬಿನ ನೆತ್ತಿಯಲ್ಲಿ ಟೈರಿನ ಮೇಲಿನ ಭಾರ ಅರ್ಧಕ್ಕೆ ಇಳಿಯುತ್ತದೆ. ಕೂತವರಿಗೆ ಆಗ ನೋವಾಗುವುದಿಲ್ಲ, ಹಿತವಾಗಿಯೇ ಇರುತ್ತದೆ. ಎದುರಿಗೆ ಟ್ರ್ಯಾಕ್ಟರ್ ಅಡ್ಡ ಬಂದು, ಚಾಲಕ ಆ ನೆತ್ತಿಯಲ್ಲೇ ಸ್ಟೀರಿಂಗ್ ತಿರುಗಿಸಿದರೆ ಕಾರು ತಿರುಗಬೇಕಾದಷ್ಟು ತಿರುಗುವುದಿಲ್ಲ. ಇಳಿಜಾರಿಗೆ ಬಂದಾಗ ಒಮ್ಮೆಲೇ ಹೆಚ್ಚು ತಿರುಗುತ್ತದೆ.

ಎರಡನೆಯ ಪರೀಕ್ಷೆ ನಿಧಾನವಾಗಿ ಓಡಿಸುವವರಿಗೂ ತಪ್ಪಿದ್ದಲ್ಲ. ‘ನಾನು 40 ದಾಟುವುದೇ ಇಲ್ಲ, ನನಗೇಕೆ ಇದೆಲ್ಲ’ ಎನ್ನುವವರಿದ್ದಾರೆ. ಮರಂ ಹಾಕಿದ ಕಾಲುವೆ ದಂಡೆಯ ಮೇಲೆ, ಕ್ಯಾಂಪ್ ಎಂದು ಕರೆಯುವ ಊರುಗಳಿಗೆ ಹೋಗುವ ಕಚ್ಚಾ ದಾರಿಯಲ್ಲಿ ಅರ್ಧ ಮೀಟರಿನಿಂದ ಒಂದು ಮೀಟರಿಗೊಂದರಂತೆ ಸಾಲು ಗೆರೆ ಏಳುವುದನ್ನು ಅವರೂ ನೋಡಿರುತ್ತಾರೆ. ಚಕ್ರಕ್ಕೂ ತನ್ನ ಲಯವಿದೆ: ಕಾರಿನ ಮೈ ಸುಮ್ಮನಿದ್ದರೂ ಟೈರು, ರಿಮ್ಮು, ಬ್ರೇಕಿನ ಭಾಗಗಳು ಸೇರಿ ಸೆಕೆಂಡಿಗೆ 10ರಿಂದ 15 ಸಲ ಕಂಪಿಸಬಲ್ಲವು. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ ಸರಿಯಾಗಿ 10 ಮೀಟರ್. ಮುಕ್ಕಾಲು ಮೀಟರಿನ ಗೆರೆಗಳ ಮೇಲೆ ಈ ವೇಗದಲ್ಲಿ ಹೋದರೆ ಸೆಕೆಂಡಿಗೆ 13 ಪೆಟ್ಟು, ಅಂದರೆ ಚಕ್ರದ ಲಯಕ್ಕೆ ಸರಿಜೋಡಿ. ಶಾಕಪ್ಪಿನಲ್ಲಿ ತಡೆಯಿಲ್ಲದಿದ್ದರೆ ಟೈರು ಗೆರೆಯಿಂದ ಗೆರೆಗೆ ಹಾರಿಕೊಂಡು ಸಾಗುತ್ತದೆ, ನಡುವಿನ ನೆಲವನ್ನು ಮುಟ್ಟುವುದೇ ಇಲ್ಲ. ಇಂಥ ದಾರಿಯ ತಿರುವಿನಲ್ಲಿ ಕಾರಿನ ಹಿಂಭಾಗ ಹೊರಕ್ಕೆ ಸರಿದು ಕಾಲುವೆಯ ಕಡೆ ಜಾರುವುದಕ್ಕೆ ಅತಿವೇಗ ಬೇಕಾಗಿಲ್ಲ. ಆ ಗೆರೆಗಳು ಹುಟ್ಟುವುದೂ ಬಲಿಯುವುದೂ ಹಾರುವ ಚಕ್ರಗಳಿಂದಲೇ ಎಂಬುದನ್ನು ಸೇರಿಸಿದರೆ, ಒಬ್ಬರ ಸತ್ತ ಶಾಕಪ್ ಮುಂದಿನವರ ರಸ್ತೆಯನ್ನೂ ಕೆಡಿಸುತ್ತದೆ.

ನೆಲ ಬಿಟ್ಟ ಟೈರಿಗೆ ಬ್ರೇಕ್ ಹಾಕಿ ಫಲವಿಲ್ಲ. ಭಾರ ಒಮ್ಮೆ ಏರಿ ಒಮ್ಮೆ ಇಳಿಯುತ್ತಿದ್ದರೆ ಸರಾಸರಿಯಲ್ಲಿ ಹಿಡಿತ ಸರಿಹೋಗುತ್ತದೆ ಎಂದುಕೊಳ್ಳುವಂತೆಯೂ ಇಲ್ಲ. ಭಾರ ಇಳಿದಾಗ ಕಳೆದ ಹಿಡಿತ ಭಾರ ಏರಿದಾಗ ಪೂರ್ತಿ ವಾಪಸು ಬರುವುದಿಲ್ಲ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ, ಹಾಗಾಗಿ ಚಿಂತೆಯಿಲ್ಲ ಎಂದರೆ ಅದೂ ತಪ್ಪು ತಿಳಿವಳಿಕೆ. ಹಾರಿದ ಚಕ್ರ ಬ್ರೇಕಿಗೆ ತಟಕ್ಕನೆ ನಿಂತುಬಿಡುತ್ತದೆ. ಎಬಿಎಸ್ ಅದನ್ನು ಜಾರುವಿಕೆ ಎಂದೇ ಓದಿ ಬ್ರೇಕ್ ಸಡಿಲಿಸುತ್ತದೆ. ಮತ್ತೆ ಒತ್ತಡ ಬರುವಷ್ಟರಲ್ಲಿ ಕಾರು ಒಂದಷ್ಟು ದೂರ ಮುಂದೆ ಹೋಗಿರುತ್ತದೆ. ಯುರೋಪಿನ ಶಾಕಪ್ ತಯಾರಕರ ಸಂಘ ಯುಸಾಮಾ ರೂಪಿಸಿದ ಪರೀಕ್ಷೆಯೂ ಇದೇ ತತ್ವದ್ದು. ಚಕ್ರವನ್ನು ಒಂದು ಲೋಹದ ಹಲಗೆಯ ಮೇಲೆ ನಿಲ್ಲಿಸಿ, ಹಲಗೆಯನ್ನು ಸೆಕೆಂಡಿಗೆ 25 ಸಲ ಅಲುಗಿಸಿ, ಆಮೇಲೆ ಅಲುಗು ತಾನಾಗಿ ನಿಧಾನವಾಗಲು ಬಿಡುತ್ತಾರೆ. ಅಷ್ಟರಲ್ಲಿ ಚಕ್ರ ಹಲಗೆಯನ್ನು ಒತ್ತುವ ಭಾರ ಎಷ್ಟು ಕೆಳಕ್ಕೆ ಇಳಿಯಿತು, ನಿಂತ ಭಾರದಲ್ಲಿ ಅದು ಶೇಕಡ ಎಷ್ಟು ಎಂಬುದೇ ಫಲಿತಾಂಶ. ಸೀಟಿನಲ್ಲಿ ಕೂತವರಿಗೆ ಹೇಗನ್ನಿಸಿತು ಎಂದು ಆ ಯಂತ್ರ ಕೇಳುವುದೇ ಇಲ್ಲ.

ಹಲಗೆಯ ಯಂತ್ರ ತಾಲ್ಲೂಕಿನ ಗ್ಯಾರೇಜಿನಲ್ಲಿ ಸಿಗದಿದ್ದರೂ ಟೈರಂತೂ ಎಲ್ಲರ ಬಳಿ ಇದೆ. ಕಾರು ನಿಲ್ಲಿಸಿ, ಟೈರು ತಣ್ಣಗಾದ ಮೇಲೆ ಅಂಗೈಯನ್ನು ಅದರ ಮೈಮೇಲೆ ಸುತ್ತಲೂ ಸವರಬೇಕು. ಒಂದೇ ಕಡೆಯ ಅಂಚು ಉದ್ದಕ್ಕೂ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಸವರುತ್ತ ಹೋದಂತೆ ಕೆಲವು ಇಂಚಿಗೊಂದು ತಗ್ಗು, ಒಂದು ದಿನ್ನೆ ಅಂಗೈಗೆ ಸಿಗುತ್ತಿದ್ದರೆ, ಆ ಟೈರು ಬಹಳ ದಿನದಿಂದ ಹಾರುತ್ತ ಬೀಳುತ್ತ ಓಡಿದೆ ಎಂದೇ ಅರ್ಥ. ಬ್ಯಾಲೆನ್ಸಿಂಗ್ ತಪ್ಪಿದ ಚಕ್ರವೂ, ಸಡಿಲವಾದ ಬೇರಿಂಗೂ ಇದಕ್ಕೆ ಹತ್ತಿರದ ಸವೆತವನ್ನೇ ತರುವುದರಿಂದ ಆ ಎರಡನ್ನೂ ಮೊದಲು ನೋಡಿ ಬಿಡಬೇಕು. ಓಡಿಸುವಾಗಿನ ಲಕ್ಷಣಗಳೂ ಇದಕ್ಕೆ ಸಾಕ್ಷಿ ಸೇರಿಸುತ್ತವೆ: ಬ್ರೇಕ್ ಹಿಡಿದಾಗ ಮೂತಿ ತೀರ ಕೆಳಕ್ಕೆ ಇಳಿಯುವುದು, ಎದುರಿನಿಂದ ಬಸ್ಸು ದಾಟಿದಾಗ ಅದರ ಗಾಳಿಗೇ ಕಾರು ತೂರಾಡುವುದು, ತಿರುವು ಮುಗಿದ ಮೇಲೂ ಮೈ ವಾಲಾಡುವುದು, ರಾತ್ರಿ ಹೆಡ್‌ಲೈಟಿನ ಬೆಳಕು ರಸ್ತೆಯ ಮೇಲೆ ನಿಲ್ಲದೆ ಮರದ ಕೊಂಬೆಗೂ ನೆಲಕ್ಕೂ ಏರಿಳಿಯುವುದು. ಈ ಕೊನೆಯದನ್ನು ಒಳಗೆ ಕೂತವರಿಗಿಂತ ಎದುರಿಗೆ ಬರುವವರು ಬೇಗ ಕಾಣುತ್ತಾರೆ.

ಎಣ್ಣೆ ಸೋರಿಕೆ ಎಲ್ಲರಿಗೂ ಗೊತ್ತಿರುವ ಗುರುತು; ಅದರಲ್ಲೂ ವಿವೇಚನೆ ಬೇಕು. ಪಿಸ್ಟನ್ನಿನ ರಾಡ್ ಹೊರಬರುವ ಕಡೆಯ ಸೀಲಿನ ಬುಡದಲ್ಲಿ ತೆಳುವಾಗಿ ಬೆವತಂತೆ ಎಣ್ಣೆಯ ಪಸೆ ಕಂಡರೆ ಅದು ರೋಗವಲ್ಲ. ರಾಡ್ ಆಡುವಾಗ ಅಷ್ಟು ಎಣ್ಣೆ ಬಂದೇ ಬರುತ್ತದೆ. ಎಣ್ಣೆ ಕೊಳವೆಯ ಕೆಳತನಕ ಹರಿದು, ಧೂಳು ಕೂತು ಕರಿ ಮಡ್ಡಿಯಾಗಿದ್ದರೆ ಸೀಲ್ ಹೋಗಿದೆ. ಒಮ್ಮೆ ಒರೆಸಿ, ಒಂದೆರಡು ವಾರ ಓಡಿಸಿ ಮತ್ತೆ ನೋಡಿದರೆ ಸಂಶಯ ತೀರುತ್ತದೆ. ಭತ್ತದ ಸೀಮೆಯಲ್ಲಿ ಸೀಲು ಸಾಯುವ ಬಗೆಯೊಂದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಸ್ಟ್ರಟ್ಟಿನ ರಾಡಿಗೆ ರಬ್ಬರಿನ ಒಂದು ಮಡಿಕೆ ಮುಸುಕು ಇರುತ್ತದೆ. ಬಿಸಿಲಿಗೆ ಅದು ಗಡುಸಾಗಿ ಮಡಿಕೆಯ ಗೆರೆಯಲ್ಲಿ ಬಿರಿಯುತ್ತದೆ. ಮಳೆಗಾಲದ ಕೆಸರು ಆ ಬಿರುಕಿನಿಂದ ಒಳಹೊಕ್ಕು ನುಣುಪಾದ ರಾಡಿಗೆ ಮೆತ್ತಿಕೊಳ್ಳುತ್ತದೆ, ಒಣಗಿ ಪುಡಿಯಾಗುತ್ತದೆ. ಕಾರು ಓಡಿದಂತೆಲ್ಲ ಮರಳು ಬೆರೆತ ಆ ಪುಡಿ ರಾಡಿನ ಜೊತೆ ಇಳಿದು ಸೀಲಿನ ತೆಳ್ಳನೆಯ ತುಟಿಯನ್ನು ಕೊಯ್ಯುತ್ತದೆ. ಅಗ್ಗದ ಮುಸುಕು ಹರಿದದ್ದನ್ನು ಯಾರೂ ನೋಡದೇ ಹೋದದ್ದರಿಂದ ದುಬಾರಿ ಸ್ಟ್ರಟ್ ಸತ್ತಿರುತ್ತದೆ. ಸೋರದ ಶಾಕಪ್ಪೆಲ್ಲ ಚೆನ್ನಾಗಿದೆ ಎಂದೂ ಅಲ್ಲ. ಒಳಗಿನ ಬಿಲ್ಲೆಗಳು ಬಳಲಿ, ಪಿಸ್ಟನ್ನಿನ ಸುತ್ತಿನ ಪಟ್ಟಿ ಸವೆದು, ಒಂದು ಹನಿ ಸೋರದೆಯೂ ಶಾಕಪ್ ನಿಸ್ಸತ್ವವಾಗಬಲ್ಲದು.

ಬಾನೆಟ್ಟಿನ ಮೂಲೆ ಒತ್ತಿ ಬಿಟ್ಟು ನೋಡುವ ಪರೀಕ್ಷೆಯನ್ನು ಬಹಳ ಜನ ನಂಬುತ್ತಾರೆ. ಒತ್ತಿ ಬಿಟ್ಟ ಮೂಲೆ ಮೇಲೆದ್ದು, ಒಮ್ಮೆ ಇಳಿದು ನಿಂತರೆ ಪಾಸು. ಎರಡು ಮೂರು ಸಲ ಕುಣಿದರೆ ಫೇಲು. ಫೇಲಾದದ್ದನ್ನು ನಂಬಬಹುದು, ಪಾಸಾದದ್ದನ್ನು ನಂಬುವಂತಿಲ್ಲ. ಕೈಯ ಒತ್ತಿಗೆ ರಾಡ್ ಆಡುವುದು ನಿಧಾನವಾಗಿ. ತಗ್ಗಿಗೆ ಬಿದ್ದಾಗ ಆಡುವ ವೇಗ ಅದರ ಹಲವು ಪಟ್ಟು. ನಿಧಾನದ ಚಲನೆಗೆ ಒಂದು ದಾರಿ, ವೇಗದ ಚಲನೆಗೆ ಇನ್ನೊಂದು ದಾರಿ ತೆರೆಯುವಂತೆ ಒಳಗಿನ ವಾಲ್ವುಗಳನ್ನು ಜೋಡಿಸಿರುತ್ತಾರೆ. ಕೈ ಪರೀಕ್ಷಿಸುವುದು ಮೊದಲನೆಯದನ್ನು ಮಾತ್ರ. ಮೇಲಾಗಿ ಸ್ಟ್ರಟ್ಟಿನ ರಾಡು ಓರೆಯ ಒತ್ತಡದಲ್ಲಿ ನಿಂತಿರುವುದರಿಂದ ಅದರ ಉಜ್ಜುವಿಕೆಯೇ ಕುಣಿತವನ್ನು ಒಂದಷ್ಟು ಹಿಡಿದುಬಿಡುತ್ತದೆ. ಕಮಾನು ಪಟ್ಟಿ ಇರುವ ಜೀಪುಗಳ ಹಿಂಬದಿಯಲ್ಲೂ ಪಟ್ಟಿಗಳ ತಿಕ್ಕಾಟ ಇದೇ ಕೆಲಸ ಮಾಡಿ ಸತ್ತ ಶಾಕಪ್ಪನ್ನು ಮರೆಮಾಚುತ್ತದೆ. ಹಾಗೆಯೇ ಕಾರು ಒಂದು ಕಡೆ ಕುಸಿದು ನಿಂತಿದ್ದರೆ ಶಾಕಪ್ಪನ್ನು ಬಯ್ಯುವುದು ಬೇಡ. ಭಾರ ಹೊರುವುದು ಸ್ಪ್ರಿಂಗಾದ್ದರಿಂದ ಅದು ಸೋತಿರಬೇಕು, ಇಲ್ಲವೇ ಅದರ ತುದಿಯ ಸುರುಳಿ ತುಂಡಾಗಿರಬೇಕು.

ಶಬ್ದ ಕೇಳಿ ಶಾಕಪ್ ಬದಲಿಸುವುದು ಹಣ ಕಳೆದುಕೊಳ್ಳುವ ಇನ್ನೊಂದು ದಾರಿ. ಸಣ್ಣ ಕಲ್ಲಿನ ಮೇಲೆ ನಿಧಾನ ಹೋದಾಗ ಟಕಟಕ ಎಂದರೆ ಹೆಚ್ಚಿನ ಸಲ ಅದು ಲಿಂಕ್ ರಾಡ್ ಅಥವಾ ಲೋವರ್ ಆರ್ಮಿನ ಬುಷ್. ಲಿಂಕ್ ರಾಡನ್ನು ಕೈಯಲ್ಲಿ ಹಿಡಿದು ಅಲುಗಿಸಿದರೆ ಆಟ ತಿಳಿಯುತ್ತದೆ. ನಿಂತ ಕಾರಿನ ಸ್ಟೀರಿಂಗ್ ತಿರುಗಿಸಿದಾಗ ಟಂಗ್ ಎಂದು ಏನೋ ಜಿಗಿದಂತಾದರೆ ಸ್ಟ್ರಟ್ಟಿನ ತಲೆಯ ಬೇರಿಂಗ್ ಹಿಡಿದುಕೊಂಡಿದೆ. ಬಾನೆಟ್ ಎತ್ತಿ ಒಬ್ಬರು ಸ್ಟ್ರಟ್ಟಿನ ತಲೆಯ ಮೇಲೆ ಅಂಗೈಯಿಟ್ಟು, ಇನ್ನೊಬ್ಬರು ನಿಧಾನವಾಗಿ ಸ್ಟೀರಿಂಗ್ ತಿರುಗಿಸಿದರೆ ಸ್ಪ್ರಿಂಗ್ ಸಲೀಸಾಗಿ ತಿರುಗುತ್ತಿದೆಯೋ, ತಡೆದು ತಡೆದು ಜಿಗಿಯುತ್ತಿದೆಯೋ ಅಂಗೈಗೇ ಗೊತ್ತಾಗುತ್ತದೆ. ಈ ಭಾಗಗಳ ಬೆಲೆ ಸ್ಟ್ರಟ್ಟಿನ ಮುಂದೆ ಬಹಳ ಕಡಿಮೆ. ಇವನ್ನು ನೋಡದೆ ಶಾಕಪ್ ಹಾಕಿಸಿದವರಿಗೆ ಬಿಲ್ಲೂ ಉಳಿಯುತ್ತದೆ, ಶಬ್ದವೂ ಉಳಿಯುತ್ತದೆ.

ಹಾಗಿದ್ದರೆ ಕಿಲೋಮೀಟರ್ ಲೆಕ್ಕ? ಕೆಲವು ತಯಾರಕರು 80,000 ಕಿ.ಮೀ. ಆದಮೇಲೆ ಬದಲಿಸುವುದನ್ನು ಯೋಚಿಸಿ ಎನ್ನುತ್ತಾರೆ. ಮಾರುವವರು ಹೇಳಿದ ಸಂಖ್ಯೆ, ವ್ಯಾಪಾರದ ಮಾತು ಎಂಬ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ನಯವಾದ ಹೆದ್ದಾರಿಯ 80,000 ಕಿ.ಮೀ. ಬೇರೆ, ಕಾಲುವೆ ದಂಡೆಯ 80,000 ಬೇರೆ. ಸಂಖ್ಯೆಯೊಂದನ್ನೇ ನಂಬಿದರೆ ಮೊದಲನೆಯವರು ಚೆನ್ನಾಗಿದ್ದದ್ದನ್ನು ಎಸೆಯುತ್ತಾರೆ, ಎರಡನೆಯವರು ಸತ್ತದ್ದನ್ನು ಹೊತ್ತು ತಿರುಗುತ್ತಾರೆ. ಆದರೆ ಆ ಸಂಖ್ಯೆಯ ಹಿಂದಿನ ಕಾಳಜಿಯನ್ನು ತಳ್ಳಿಹಾಕುವಂತಿಲ್ಲ. ಬ್ರೇಕು ಕೆಟ್ಟರೆ ಒಂದು ದಿನ ಗೊತ್ತಾಗುತ್ತದೆ. ಶಾಕಪ್ ದಿನಕ್ಕಿಷ್ಟು ಎಂದು ಕ್ಷೀಣಿಸುವುದರಿಂದ ಅದರ ಜೊತೆ ಚಾಲಕನ ಕೈಯೂ ಒಗ್ಗಿಕೊಳ್ಳುತ್ತ ಹೋಗುತ್ತದೆ. ದಿನವೂ ಅದೇ ಕಾರು ಓಡಿಸುವವರಿಗೇ ಅದು ತೀರ ಕಡಿಮೆ ತಿಳಿಯುತ್ತದೆ. ಆದ್ದರಿಂದ ಕಿಲೋಮೀಟರನ್ನು ಬದಲಿಸುವ ಗಡುವು ಎಂದುಕೊಳ್ಳದೆ ತಪಾಸಣೆಯ ಗಡುವು ಎಂದುಕೊಳ್ಳುವುದು ಸರಿ. ನಮ್ಮ ನೆಲದಲ್ಲಿ 20,000 ಕಿ.ಮೀ.ಗೊಮ್ಮೆ, ಅಷ್ಟು ಓಡದಿದ್ದರೆ ವರ್ಷಕ್ಕೊಮ್ಮೆ ಮಳೆಗಾಲ ಕಳೆದ ಮೇಲೆ, ಟೈರಿನ ಸವೆತ, ಮುಸುಕು, ಸೋರಿಕೆ, ಬುಷ್ ಇವಿಷ್ಟನ್ನೂ ಒಟ್ಟಿಗೆ ನೋಡಬೇಕು. ಒಂದೇ ಲಕ್ಷಣ ಕಂಡರೆ ಕಾಯಬಹುದು. ಎರಡು ಮೂರು ಕೂಡಿ ಒಂದೇ ಚಕ್ರದ ಕಡೆ ಬೆರಳು ಮಾಡಿದರೆ ಕಾಯಬಾರದು.

ಬದಲಿಸುವ ಬದಲು ಅಗ್ಗದ ಎರಡು ಉಪಾಯಗಳು ಚಾಲ್ತಿಯಲ್ಲಿವೆ. ಒಂದು, ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರಿನ ಬಫರ್ ತುರುಕುವುದು. ಕಾರು ಒಂದಿಂಚು ಎತ್ತರ ನಿಲ್ಲುತ್ತದೆ, ಹಂಪಿನಲ್ಲಿ ತಳ ತಾಗುವುದಿಲ್ಲ, ಹಣ ಕೊಟ್ಟದ್ದು ಸಾರ್ಥಕ ಎನ್ನಿಸುತ್ತದೆ. ಆಗಿರುವುದು ಸ್ಪ್ರಿಂಗ್ ಬಿಗಿಯಾದದ್ದು ಮಾತ್ರ. ಬಿಗಿ ಸ್ಪ್ರಿಂಗ್ ಇನ್ನೂ ಜೋರಾಗಿ ವಾಪಸು ಒದೆಯುತ್ತದೆ, ಅದನ್ನು ಹಿಡಿಯಲು ಮೊದಲಿಗಿಂತ ಬಲವಾದ ಶಾಕಪ್ ಬೇಕು. ಇರುವುದು ಮೊದಲಿನದೇ, ಅದೂ ಸವೆದದ್ದು. ಎರಡನೆಯದು, ಶಾಕಪ್ಪಿಗೆ ತೂತು ಕೊರೆದು ದಪ್ಪ ಎಣ್ಣೆ ತುಂಬಿ ವೆಲ್ಡ್ ಹಾಕಿಸುವುದು. ಬೈಕಿನ ಫೋರ್ಕಿಗೆ ಎಣ್ಣೆ, ಸೀಲ್ ಬದಲಿಸುವುದಿಲ್ಲವೇ ಎಂಬ ವಾದ ಕೇಳಿಬರುತ್ತದೆ. ಫೋರ್ಕನ್ನು ಬಿಚ್ಚುವುದಕ್ಕೆಂದೇ ಮಾಡಿರುತ್ತಾರೆ. ಕಾರಿನ ಶಾಕಪ್ಪನ್ನು ಬಿಚ್ಚಬಾರದೆಂದೇ ಮುಚ್ಚಿರುತ್ತಾರೆ. ಕೊರೆದ ಕೂಡಲೇ ನೈಟ್ರೋಜನ್ ಹಾರಿಹೋಗುತ್ತದೆ. ಒಂಟಿ ಕೊಳವೆಯ ಮಾದರಿಯಲ್ಲಿ ಆ ಒತ್ತಡ ಟೈರಿನ ಗಾಳಿಯ ಸುಮಾರು ಹತ್ತು ಪಟ್ಟು, ಕೊರೆಯುವವರ ಮುಖಕ್ಕೇ ಅಪಾಯ. ದಪ್ಪ ಎಣ್ಣೆ ಕೆಲವು ದಿನ ಬಿಗಿಯೆನ್ನಿಸಿ ಸೊಂಟಕ್ಕೆ ಸಮಾಧಾನ ಕೊಡಬಹುದು, ಆದರೆ ಸವೆದ ಸೀಲು, ಬಳಲಿದ ಬಿಲ್ಲೆ ಹಾಗೆಯೇ ಉಳಿದಿರುತ್ತವೆ. ಎರಡೂ ಉಪಾಯಗಳು ಸೀಟಿನ ದೂರಿಗೆ ಉತ್ತರ ಕೊಡುತ್ತವೆ, ಟೈರಿನ ದೂರಿಗೆ ಕೊಡುವುದಿಲ್ಲ.

ಬದಲಿಸುವ ಕೆಲಸದಲ್ಲಿ ಹಿಂದಿನ ಶಾಕಪ್ ಸುಲಭ; ಸ್ಪ್ರಿಂಗ್ ಬೇರೆಯಿರುವ ಕಾರುಗಳಲ್ಲಿ ಮೇಲೊಂದು, ಕೆಳಗೊಂದು ಜೋಡಣೆ ಬಿಚ್ಚಿದರೆ ಆಯಿತು. ಸ್ಟ್ರಟ್ ಹಾಗಲ್ಲ. ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಟ್ಟು, ಚಕ್ರ ತೆಗೆದು, ಸ್ಟ್ರಟ್ಟನ್ನು ಚಕ್ರದ ಗಂಟಿಗೆ ಹಿಡಿದಿರುವ ಎರಡು ಬೋಲ್ಟುಗಳ ಜಾಗವನ್ನು ಮೊದಲು ಸುಣ್ಣದ ಕಡ್ಡಿಯಿಂದ ಗುರುತು ಹಾಕಿಕೊಳ್ಳಬೇಕು. ಬ್ರೇಕಿನ ಹೋಸ್ ಪೈಪನ್ನೂ ಎಬಿಎಸ್ ತಂತಿಯನ್ನೂ ಬಿಡಿಸಿ ಕಟ್ಟಬೇಕು, ಚಕ್ರದ ಭಾರ ಅವಕ್ಕೆ ಜೋತುಬೀಳಬಾರದು. ಹೊರಬಂದ ಸ್ಟ್ರಟ್ಟಿನ ತಲೆಯ ನಡುವಿನ ನಟ್ಟನ್ನು ಸ್ಪ್ರಿಂಗ್ ಕಂಪ್ರೆಸರ್ ಹಾಕಿ ಬಿಗಿಯುವ ಮುನ್ನ ಎಂದೂ ಸಡಿಲಿಸಬಾರದು. ಸಣ್ಣ ಕಾರಿನ ಸ್ಪ್ರಿಂಗ್ ಕೂಡ ಬಿಡುಗಡೆಯಾದರೆ ಕೈ, ದವಡೆ ಮುರಿಯುವಷ್ಟು ಬಲದಿಂದ ಚಿಮ್ಮುತ್ತದೆ. ಈ ಸಲಕರಣೆಯಿಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಬಾರದು, ಮನೆಯಂಗಳದಲ್ಲಿ ಪ್ರಯೋಗ ಮಾಡಲೂಬಾರದು. ಹೊಸ ಶಾಕಪ್ ಮಲಗಿ ಬಂದಿರುವುದರಿಂದ ನೆಟ್ಟಗೆ ನಿಲ್ಲಿಸಿ ಮೂರು ನಾಲ್ಕು ಸಲ ಪೂರ್ತಿ ಎಳೆದು ಒತ್ತಿದರೆ ಒಳಗೆ ಸೇರಿದ ಗಾಳಿ ಹೊರಡುತ್ತದೆ. ನಟ್ ತಿರುಗಿಸುವಾಗ ರಾಡನ್ನು ಇಕ್ಕಳದಿಂದ ಹಿಡಿಯುವುದು ನಮ್ಮಲ್ಲಿ ಸಾಮಾನ್ಯ. ಇಕ್ಕಳದ ಹಲ್ಲು ಕೂತ ಒಂದು ಗೀರು ಸಾಕು, ಹೊಸ ಸೀಲು ಕೆಲವೇ ದಿನಗಳಲ್ಲಿ ಸೋರಲು ತೊಡಗುತ್ತದೆ. ಮುಸುಕು, ಬಂಪ್ ಸ್ಟಾಪ್, ತಲೆಯ ಮೌಂಟಿಂಗ್, ಬೇರಿಂಗ್ ಇವನ್ನೂ ಇದೇ ಸಲ ಬದಲಿಸಿದರೆ ಕೂಲಿ ಎರಡು ಸಲ ಕೊಡುವುದು ತಪ್ಪುತ್ತದೆ. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಚಕ್ರ ಜೋತುಬಿದ್ದಿರುವಾಗ ಬಿಗಿಯಬಾರದು, ಕಾರಿನ ಭಾರ ನೆಲಕ್ಕೆ ಬಂದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೊನೆಗೆ ವೀಲ್ ಅಲೈನ್‌ಮೆಂಟ್. ಚಕ್ರದ ಓರೆಯನ್ನು ಹಿಡಿಯುವುದೇ ಸ್ಟ್ರಟ್ ಆದ್ದರಿಂದ ಇದನ್ನು ಬಿಟ್ಟರೆ ಹೊಸ ಟೈರು ಹೊಸ ರೀತಿಯಲ್ಲಿ ಸವೆಯುತ್ತದೆ.

ಸೋರುತ್ತಿರುವುದು ಒಂದು ತಾನೇ, ಜೋಡಿ ಏಕೆ ಬದಲಿಸಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ಇದಕ್ಕೂ ಉತ್ತರ ಟೈರಿನಲ್ಲಿದೆ. ಎಡಕ್ಕೆ ಹೊಸದು, ಬಲಕ್ಕೆ ಬಳಲಿದ್ದು ಇದ್ದರೆ ಒಂದೇ ಉಬ್ಬಿನ ಮೇಲೆ ಎರಡು ಚಕ್ರಗಳ ಹಿಡಿತ ಎರಡು ಬಗೆ. ಜೋರು ಬ್ರೇಕಿನಲ್ಲಿ ಕಾರು ಒಂದು ಕಡೆ ಎಳೆಯುತ್ತದೆ. ಎರಡೂ ಒಂದೇ ರಸ್ತೆ ಕಂಡಿರುವುದರಿಂದ ಎರಡನೆಯದಕ್ಕೂ ಹೆಚ್ಚು ಆಯಸ್ಸು ಉಳಿದಿರುವುದಿಲ್ಲ. ಅಪಘಾತದಲ್ಲಿ ಒಂದು ಮಾತ್ರ ಬಾಗಿ, ಇನ್ನೊಂದು ತೀರ ಹೊಸದಾಗಿದ್ದರೆ ಒಂದನ್ನೇ ಬದಲಿಸುವುದು ತಪ್ಪಲ್ಲ. ನಾಲ್ಕನ್ನೂ ಒಟ್ಟಿಗೆ ಬದಲಿಸಲೇಬೇಕು ಎಂಬ ಸಲಹೆಗೆ ಮಾತ್ರ ಸುಲಭವಾಗಿ ತಲೆಯಾಡಿಸಬೇಕಿಲ್ಲ. ಮುಂದಿನ ಜೋಡಿ, ಹಿಂದಿನ ಜೋಡಿ ಪ್ರತ್ಯೇಕವಾಗಿ ಪರೀಕ್ಷೆಗೆ ಬರುತ್ತವೆ.

ಉಳಿದದ್ದು ದೊಡ್ಡ ಆಕ್ಷೇಪ: ರಸ್ತೆಯೇ ಕೆಟ್ಟಿರುವಾಗ ಹೊಸ ಶಾಕಪ್ ಹಾಕಿ ಏನು ಬಂತು, ಅದೂ ಹೋಗುತ್ತದೆ. ದೂರಿನ ಅರ್ಧ ನಿಜ. ಹಂಪಿನ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್ ಇರಬೇಕು, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವಂತಿರಬೇಕು ಎಂದು ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲೇ ಅಳತೆ ಕೊಟ್ಟಿದೆ. ಊರ ಮುಂದೆ ರಾತ್ರೋರಾತ್ರಿ ಏಳುವ ದಿಬ್ಬಗಳಿಗೂ ಈ ಅಳತೆಗೂ ಸಂಬಂಧವಿರುವುದಿಲ್ಲ. ಅಡಿಸೇತುವೆಗಳ ಏರಿಗೆ ಎರೆಮಣ್ಣು ತೆಗೆದು ಗಟ್ಟಿ ಮರಂ ತುಂಬುವುದು ಇಲಾಖೆಗಳ ಕೆಲಸ, ಅದನ್ನು ಕೇಳುತ್ತಲೇ ಇರಬೇಕು. ವಾಹನದ ತಪಾಸಣೆಯ ಮಾತಿಗೆ ಬಂದರೆ, ಸರಕು, ಬಾಡಿಗೆ ವಾಹನಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್ ತಪಾಸಣೆ ಇದೆ. ಸ್ವಂತ ಕಾರಿಗೆ ಮೊದಲ 15 ವರ್ಷ ಹೊಗೆಯ ತಪಾಸಣೆ ಬಿಟ್ಟರೆ ಬೇರಾವುದೂ ಇಲ್ಲ. ಅಂದರೆ ಆ 15 ವರ್ಷ ಕಾರಿನ ಅಡಿಯನ್ನು ನೋಡುವ ಹೊಣೆ ಪೂರ್ತಿ ಮಾಲೀಕರದು. ಆದರೆ ಕೆಟ್ಟ ರಸ್ತೆಯನ್ನು ನೆಪ ಮಾಡಿ ಶಾಕಪ್ ಬಿಡುವುದು ತರ್ಕಕ್ಕೆ ನಿಲ್ಲುವುದಿಲ್ಲ. ರಸ್ತೆ ಕನ್ನಡಿಯಂತಿದ್ದರೆ ಶಾಕಪ್ಪಿಗೆ ಕೆಲಸವೇ ಕಡಿಮೆ. ಅಲೆಯೇಳುವ ಎರೆಭೂಮಿಯಲ್ಲೇ ಅದು ಬೇಕಾಗುವುದು. ಸತ್ತ ಶಾಕಪ್ಪಿನ ಬೆಲೆಯನ್ನು ಮಾಲೀಕರು ಕೊಡದೇ ಇರುವುದೂ ಇಲ್ಲ: ಅರ್ಧ ಆಯಸ್ಸಿಗೇ ಎಸೆದ ಟೈರು, ಹರಿದ ಬುಷ್, ಸಡಿಲಾದ ಬಾಲ್ ಜಾಯಿಂಟುಗಳ ಬಿಲ್ಲುಗಳಲ್ಲಿ ಕಂತು ಕಂತಾಗಿ ಕೊಟ್ಟಿರುತ್ತಾರೆ.

ಆದ್ದರಿಂದ ಶಾಕಪ್ ನೋಡಲು ಅತ್ಯುತ್ತಮ ಗಳಿಗೆ ಹೊಸ ಟೈರು ಹಾಕಿಸುವ ದಿನ. ಚಕ್ರ ಹೇಗೂ ಕಳಚಿರುತ್ತದೆ, ಕಾರು ಎತ್ತರದಲ್ಲಿರುತ್ತದೆ, ಹಳೆಯ ಟೈರಿನ ಸವೆತ ಕಣ್ಣೆದುರೇ ಇರುತ್ತದೆ. ಅಂಗಡಿಯವರಿಗೆ ಹೇಳಿ ಮುಸುಕು, ಸೋರಿಕೆ, ಬುಷ್ ನೋಡಿಸಲು ಹತ್ತು ನಿಮಿಷ ಸಾಕು. ಹಳೆಯ ಟೈರು ತಗ್ಗುದಿನ್ನೆಯಾಗಿ ಸವೆದಿದ್ದರೂ ಕಾರಣ ಹುಡುಕದೆ ಹೊಸದು ಏರಿಸಿದರೆ ಅದಕ್ಕೂ ಅದೇ ಗತಿ. ಕೈಯಲ್ಲಿರುವ ಹಣ ನಾಲ್ಕು ಟೈರಿಗೆ ಸಾಕು, ಶಾಕಪ್ಪಿಗೆ ಸಾಲದು ಎಂದಿದ್ದರೆ, ಎರಡು ಒಳ್ಳೆಯ ಟೈರು ಮತ್ತು ಒಂದು ಜೊತೆ ಶಾಕಪ್ ಎಂದು ಹಂಚುವುದೇ ಸರಿಯಾದ ಲೆಕ್ಕ. ಹಾಗೆ ಹಂಚಿದ ಹಣ ಮುಂದಿನ ಟೈರುಗಳನ್ನೂ ಕಾಯುತ್ತದೆ.